ಸ್ವೆಟರ್ ನೇಯೋದಲ್ಲ, ಹೆಣಿಯೋದು

ಮಾಗಿ ಚಳಿ ಬಿದ್ದರೆ ಸಾಕು, ಬೀದರಿನ ರಸ್ತೆ ಬದಿಯಲ್ಲೂ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲೂ ಸ್ವೆಟರ್ ಅಂಗಡಿಗಳು ಏಳುತ್ತವೆ. ಕಂಬಕ್ಕೆ ಕಟ್ಟಿದ ರಟ್ಟಿನ ಮೇಲೆ ಬರೆದಿರುತ್ತದೆ: ‘ಕೈಯಿಂದ ನೇಯ್ದ ಸ್ವೆಟರ್’. ಓದಿದವರು ಯಾರೂ ತಡೆಯುವುದಿಲ್ಲ, ಅರ್ಥ ಆಗುತ್ತದಲ್ಲ ಎಂದು ಮುಂದೆ ಹೋಗುತ್ತಾರೆ. ಆದರೆ ಅದೇ ಓಣಿಯ ಕಟ್ಟೆ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಉಲನ್ ಹಿಡಿದು ಕೂತ ಹೆಂಗಸನ್ನು “ಏನ್ ಮಾಡ್ಲತ್ತೀರಿ?” ಎಂದು ಕೇಳಿ ನೋಡಿ. “ಸ್ವೆಟರ್ ಹೆಣಿಲತ್ತೀನಿ” ಎನ್ನುತ್ತಾಳೆ. ‘ನೇಯ್ಲತ್ತೀನಿ’ ಎಂಬ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ಬೋರ್ಡು ಬರೆದವನಿಗೂ ಕೆಲಸ ಮಾಡುವವಳಿಗೂ ನಡುವೆ ಒಂದು ಕ್ರಿಯಾಪದ ಬದಲಾಗಿದೆ. ಯಾವುದಾದರೇನು ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಕನ್ನಡ ಈ ಎರಡು ಕೆಲಸಗಳಿಗೆ ಎರಡು ಮಾತು ಇಟ್ಟುಕೊಂಡಿರುವುದಕ್ಕೆ ಕಾರಣವಿದೆ, ಆ ಕಾರಣ ಕೈಯ ಕೆಲಸದಲ್ಲೇ ಇದೆ.

ಮಳಖೇಡದ ಕಾಲದ ‘ಪೆಣೆ’

ಹೆಣಿಗೆ ಎಂಬ ಹೆಸರು ಹುಟ್ಟಿದ್ದು ‘ಹೆಣೆ’ ಎಂಬ ಧಾತುವಿನಿಂದ. ಹೊಲಿ ಹೊಲಿಗೆಯಾಯಿತು, ಉಡು ಉಡುಗೆಯಾಯಿತು, ನೇಯ್ ನೇಯ್ಗೆಯಾಯಿತು, ಹಾಗೆಯೇ ಹೆಣೆ ಹೆಣಿಗೆಯಾಯಿತು. ನಮ್ಮ ಕಡೆ ಕೊನೆಯ ಎಕಾರ ಇಕಾರವಾಗುವುದರಿಂದ ಅದು ‘ಹೆಣಿಗಿ’. ಇಲ್ಲಿ ಹೊರಗಿನವರು ಎಡವುತ್ತಾರೆ: ತಲೆ ಬಾಚುವುದಕ್ಕೆ ನಾವು ಬಳಸುವುದು ‘ಹಣಿಗಿ’, ಅದು ಬೇರೆ ಮಾತು, ಮರಾಠಿಯಲ್ಲಿ ಅದೇ ವಸ್ತುವಿಗೆ ‘ಫಣಿ’. ಹಣಿಗಿಯಿಂದ ಬಾಚಿ ಜಡೆ ಹೆಣೆಯುತ್ತೇವೆ, ಅಷ್ಟೇ ಅವೆರಡರ ನಂಟು.

ಹಳಗನ್ನಡದಲ್ಲಿ ಹೆಣೆ ಇದ್ದದ್ದು ‘ಪೆಣೆ’ ಎಂದು. ಪಾಲು ಹಾಲಾದ, ಪುಲಿ ಹುಲಿಯಾದ, ಪೂ ಹೂವಾದ ದಾರಿಯಲ್ಲೇ ಪೆಣೆ ಹೆಣೆಯಾಯಿತು. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೇ ಶತಮಾನದಲ್ಲಿ ಅಲ್ಲಿ ಯಾರಾದರೂ ಹೂಮಾಲೆಯನ್ನೋ ಜಡೆಯನ್ನೋ ಹೆಣೆದಿದ್ದರೆ ಅವರು ಪೆಣೆದಿದ್ದರು. ಕಲ್ಯಾಣದ ಶರಣರ ಹೊತ್ತಿಗೆ ಹಕಾರ ಬಾಯಿಗೆ ಹತ್ತತೊಡಗಿತ್ತು. ತಮಿಳು ಈಗಲೂ ಪಕಾರ ಬಿಟ್ಟಿಲ್ಲ. ಅಲ್ಲಿ ‘ಪಿಣೈ’ ಎಂದರೆ ಒಂದಕ್ಕೊಂದು ಸುತ್ತಿಸು, ಕೂಡಿಸು. ತೆಲುಗಿನ ‘ಪೆನವೇಯು’ ಕೂಡ ಇದೇ ಬಳ್ಳಿಯದು.

ಈ ಬಳ್ಳಿಯಲ್ಲಿ ಇನ್ನೊಂದು ಕಾಯಿ ಇದೆ, ನಾವು ದಿನಾ ಬಳಸುತ್ತೇವೆ, ಗುರುತು ಹಿಡಿಯುವುದಿಲ್ಲ: ‘ಹೆಣಗು’. ಹಳಗನ್ನಡದ ‘ಪೆಣಗು’, ತಮಿಳಿನ ‘ಪಿಣಂಗು’, ತೆಲುಗಿನ ‘ಪೆನಗು’. ಮೊದಲ ಅರ್ಥ ಒಂದರೊಳಗೊಂದು ಸಿಕ್ಕಿಕೊಳ್ಳುವುದು, ಆಮೇಲೆ ಅದರಿಂದ ಬಿಡಿಸಿಕೊಳ್ಳಲು ಗುದ್ದಾಡುವುದು. ಎಳೆಗಳು ಹೇಳಿದ ಹಾಗೆ ಸಿಕ್ಕಿಕೊಂಡರೆ ಹೆಣಿಗೆ, ಹೇಳದ ಹಾಗೆ ಸಿಕ್ಕಿಕೊಂಡರೆ ಹೆಣಗಾಟ. ಶವ ಎಂಬ ಅರ್ಥದ ‘ಹೆಣ’ವನ್ನು ಕೆಲವರು ಇದೇ ಬುಟ್ಟಿಗೆ ಹಾಕುತ್ತಾರೆ, ಅದು ತಪ್ಪು. ತಮಿಳಿನಲ್ಲಿ ಅದು ‘ಪಿಣಂ’, ಹೆಣೆಯುವುದಕ್ಕೂ ಅದಕ್ಕೂ ಅರ್ಥದ ಸಂಬಂಧವಿಲ್ಲ.

ಗಂಟಿಲ್ಲದ ಬಟ್ಟೆ

ಇಂಗ್ಲಿಷಿನ ‘ನಿಟ್’ ಎಂಬ ಮಾತು ಹಳೆಯ ಇಂಗ್ಲಿಷಿನ ‘ಗಂಟು ಹಾಕು’ ಎಂಬ ಅರ್ಥದ ಪದದಿಂದ ಬಂದದ್ದು. ಗಂಟಿಗೆ ಅವರು ಹೇಳುವ ‘ನಾಟ್’ ಕೂಡ ಅದೇ ಮನೆತನದ್ದು. ಆದರೆ ಸ್ವೆಟರಿನಲ್ಲಿ ಗಂಟು ಎಲ್ಲಿದೆ? ಶುರುವಿನಲ್ಲಿ ಒಂದು ಜಾರುಗಂಟು, ಮುಗಿಸುವಾಗ ಕಡೆಯ ಕುಣಿಕೆಯೊಳಗೆ ತೂರಿಸಿ ಬಿಗಿದ ತುದಿ. ನಡುವೆ ಇರುವ ಸಾವಿರಾರು ಟಾಕಾಗಳಲ್ಲಿ ಒಂದೂ ಗಂಟಲ್ಲ, ಎಲ್ಲವೂ ಕುಣಿಕೆ. ದನ ಕಟ್ಟುವ ಹಗ್ಗದ ಕುಣಿಕೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎಳೆದರೆ ನಿಲ್ಲುತ್ತದೆ, ತುದಿ ಜಗ್ಗಿದರೆ ಬಿಚ್ಚುತ್ತದೆ.

ಒಂದು ಟಾಕಾ ಹೀಗೆ ಹುಟ್ಟುತ್ತದೆ. ಎಡಗೈ ಸಲಾಯಿ, ಅಂದರೆ ಹೆಣಿಗೆ ಕಡ್ಡಿಯ ಮೇಲೆ ಹಳೆಯ ಕುಣಿಕೆಗಳ ಸಾಲು ಇರುತ್ತದೆ. ಬಲಗೈ ಸಲಾಯಿಯನ್ನು ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಬೇಕು, ಅದರ ತುದಿಗೆ ಹಿಂದಿನಿಂದ ದಾರ ಸುತ್ತಬೇಕು, ಆ ದಾರವನ್ನು ಹಳೆಯ ಕುಣಿಕೆಯ ಒಳಗಿಂದ ಈಚೆ ಎಳೆದು ಹೊಸ ಕುಣಿಕೆ ಮಾಡಬೇಕು, ಹಳೆಯದನ್ನು ಎಡ ಸಲಾಯಿಯಿಂದ ಜಾರಿಸಿ ಬಿಡಬೇಕು. ಇದು ಸೀದಾ. ದಾರವನ್ನು ಮುಂದೆ ತಂದುಕೊಂಡು, ಸಲಾಯಿಯನ್ನು ಹಿಂದಿನಿಂದ ಮುಂದಕ್ಕೆ ತೂರಿಸಿ, ಸುತ್ತಿ ಹಿಂದಕ್ಕೆ ದೂಡಿದರೆ ಉಲ್ಟಾ. ಸೀದಾ ಟಾಕಾವನ್ನು ಹಿಂದುಗಡೆಯಿಂದ ನೋಡಿದರೆ ಕಾಣುವುದು ಉಲ್ಟಾನೇ. ಲೋಕದ ಅಷ್ಟೂ ಸ್ವೆಟರ್ ಡಿಸೈನುಗಳು ಈ ಎರಡರ ಆಟ.

ಪ್ರತಿ ಹೊಸ ಕುಣಿಕೆ ಹಳೆಯದನ್ನು ಹಿಡಿದು ನಿಲ್ಲಿಸುತ್ತದೆ, ತಾನು ಮುಂದಿನದರ ಕೈಯಲ್ಲಿ ಇರುತ್ತದೆ. ದಾರ ಸೀದಾ ಹೋಗದೆ ಹಾವಿನಂತೆ ಏರಿ ಇಳಿಯುವುದರಿಂದ ಒಂದು ಸಾಲಿಗೆ ಅಗಲದ ಸುಮಾರು ಮೂರರಷ್ಟು ದಾರ ಬೇಕು. 33 ಸೆಂಟಿಮೀಟರ್ ಅಗಲದ ಬೆನ್ನಿಗೆ ಸಾಲೊಂದಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ಹಿಗ್ಗುವ ಗುಣ ಬರುವುದು ಇಲ್ಲಿಂದಲೇ, ಎಳೆದಾಗ ಆ ಸುತ್ತುಗಳು ಚಪ್ಪಟೆಯಾಗಿ ದಾರ ಬಿಟ್ಟುಕೊಡುತ್ತವೆ. ಮಗ್ಗದ ಬಟ್ಟೆಯಲ್ಲಿ ಎಳೆ ಹೆಚ್ಚುಕಡಿಮೆ ನೇರವಾಗಿ ಮಲಗಿರುತ್ತದೆ, ಬಿಟ್ಟುಕೊಡಲು ಅದರ ಹತ್ತಿರ ಏನೂ ಉಳಿದಿರುವುದಿಲ್ಲ.

ಇದರಿಂದಲೇ ಒಂದು ಮಾತು ಕಡ್ಡಾಯ: ಉಲನ್ನಿನ ಉಂಡಿ ಮುಗಿದಾಗ ಸಾಲಿನ ನಡುವೆ ಹಳೆ ದಾರಕ್ಕೆ ಹೊಸ ದಾರ ಗಂಟು ಹಾಕಬಾರದು. ಗಂಟು ಕುಣಿಕೆಯ ಹಾಗೆ ಸರಿಯುವುದಿಲ್ಲ, ಒಗೆದಾಗಲೆಲ್ಲ ಮುಂಭಾಗಕ್ಕೆ ಬಂದು ಕೂರುತ್ತದೆ, ಒಂದು ದಿನ ಬಿಚ್ಚಿ ತೂತಾಗುತ್ತದೆ. ಸಾಲಿನ ಅಂಚಿನಲ್ಲಿ ಎರಡೂ ದಾರಗಳ 15 ಸೆಂಟಿಮೀಟರ್ ತುದಿ ಬಿಟ್ಟು ಹೊಸದರಿಂದ ಮುಂದುವರಿಯಬೇಕು, ಕೊನೆಗೆ ದಪ್ಪ ಕಣ್ಣಿನ ಸೂಜಿಯಿಂದ ಆ ತುದಿಗಳನ್ನು ಹಿಂಭಾಗದ ಕುಣಿಕೆಗಳಲ್ಲಿ ಒಂದು ಕಡೆಗೆ ನಾಲ್ಕಾರು ಟಾಕಾ, ಮತ್ತೆ ತಿರುಗಿಸಿ ನಾಲ್ಕಾರು ಟಾಕಾ ಹೊಗಿಸಿ ಕತ್ತರಿಸಬೇಕು.

ಬೀದರಿನ ಹಳೆ ಊರಿನ ಕಟ್ಟೆಯೊಂದರ ಮೇಲೆ ಅತ್ತೆ ಸೊಸೆ ಕೂತಿರುವ ಚಿತ್ರ ಇಲ್ಲಿ ನೆನಪಾಗುತ್ತದೆ. ಸೊಸೆಯ ಕೈಯಲ್ಲಿ ಮಗುವಿನ ಸ್ವೆಟರಿನ ಬೆನ್ನು, ಎಂಟನೇ ನಂಬರ್ ಸಲಾಯಿ. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು.

“ಅತ್ತಿ, ನಡಕ ಹರದದ ನೋಡ್ರಿ.”

“ಹರದಿಲ್ಲವ್ವ, ಜಾರ್ಯದ. ಒಂದು ಫಂದಾ ಬಿಟ್ಟಿ ನೀ. ಎಳೀಬ್ಯಾಡ, ಹಂಗೇ ಹಿಡಿ.”

ಅತ್ತೆಯ ಒಂದು ಮಾತಿನಲ್ಲಿ ಇಡೀ ಕಸುಬಿನ ತಿಳಿವಳಿಕೆ ಇತ್ತು. ಮಗ್ಗದ ಬಟ್ಟೆಯಾಗಿದ್ದರೆ ಎಳೆ ತುಂಡಾಗದೆ ತೂತು ಬೀಳುತ್ತಿರಲಿಲ್ಲ. ಹೆಣಿಗೆಯಲ್ಲಿ ದಾರ ಅಖಂಡವಾಗಿದ್ದೂ ಬಟ್ಟೆ ಬಿಚ್ಚಬಹುದು, ಹಿಡಿದವರು ಕೈಬಿಟ್ಟರೆ ಸಾಕು. ಆ ಸ್ವೆಟರ್ ಏನಾಯಿತು ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಬುಟ್ಟಿ, ಬಲೆ, ಜಡೆ

ಹಾಗಾದರೆ ಕುಣಿಕೆಯಿಂದ ಆದದ್ದೆಲ್ಲ ಹೆಣಿಗೆ, ಎಳೆ ಮೇಲೆ ಎಳೆ ಹಾಯಿಸಿದ್ದು ನೇಯ್ಗೆ ಎಂದು ಗೆರೆ ಎಳೆದುಬಿಡಬಹುದೇ? ಎಳೆಯಬಹುದಿತ್ತು, ಬುಟ್ಟಿ ಇಲ್ಲದಿದ್ದರೆ. ಬುಟ್ಟಿಯನ್ನು ಕನ್ನಡ ಹೆಣೆಯುತ್ತದೆ. ಆದರೆ ಬಿದಿರಿನ ತೆಳು ಸೀಳು, ಆಧಾರದ ಪಟ್ಟಿಗಳಾದ ದಬ್ಬೆಗಳಲ್ಲಿ ಒಂದರ ಮೇಲೆ, ಒಂದರ ಕೆಳಗೆ ಹಾಯುತ್ತದೆ, ಥೇಟ್ ಮಗ್ಗದ ಅಡ್ಡ ಎಳೆಯಾದ ಹೊಕ್ಕಿನ ಹಾಗೆ. ಮೇದಾರರ ಕೈಯನ್ನು ಸ್ವಲ್ಪ ಹೊತ್ತು ನೋಡಿದರೆ ಲೆಕ್ಕ ಗೊತ್ತಾಗುತ್ತದೆ. ಎಂಟು ದಬ್ಬೆಗಳನ್ನು ನಡುವಿನಲ್ಲಿ ಒಂದರ ಮೇಲೊಂದು ಅಡ್ಡ ಹಾಕಿದರೆ ಸುತ್ತ 16 ತುದಿ. ಒಂದೇ ಸೀಳು ಸುತ್ತುತ್ತಾ ಹೋಗಬೇಕಾದರೆ ಈ 16 ಆಗುವುದಿಲ್ಲ. ಸಮಸಂಖ್ಯೆಯಾದರೆ ಎರಡನೇ ಸುತ್ತಿನಲ್ಲೂ ಸೀಳು ಮೊದಲಿನ ದಬ್ಬೆಗಳ ಮೇಲೆಯೇ ಬೀಳುತ್ತದೆ, ಹಿಡಿತ ಬರುವುದಿಲ್ಲ. ಅದಕ್ಕೆ ಒಂದು ದಬ್ಬೆಯ ತುದಿಯನ್ನು ಎರಡಾಗಿ ಸೀಳಿ 17 ಮಾಡುತ್ತಾರೆ. ಬೆಸ ಸಂಖ್ಯೆಯಾದ ಕೂಡಲೇ ಮೇಲಿದ್ದದ್ದು ಮುಂದಿನ ಸುತ್ತಿಗೆ ತಾನಾಗಿ ಕೆಳಗಾಗುತ್ತದೆ.

ಬಲೆಯನ್ನೂ ಹೆಣೆಯುತ್ತೇವೆ. ಕೃಷ್ಣೆ, ಭೀಮೆಯ ದಂಡೆಯ ಮೀನುಗಾರರ ಬಲೆಯಲ್ಲಿ ಕಣ್ಣು ಕಣ್ಣಿಗೂ ನಿಜವಾದ ಗಂಟು ಇರುತ್ತದೆ. ಚಪ್ಪಟೆ ಪಟ್ಟಿಯೊಂದಕ್ಕೆ ದಾರ ಸುತ್ತಿ ಅಳತೆ ಹಿಡಿದು ಗಂಟು ಹಾಕುತ್ತಾರೆ, ಇಲ್ಲದಿದ್ದರೆ ಕಣ್ಣುಗಳು ಹಿರಿದು ಕಿರಿದಾಗಿ ಬಲೆ ಒಂದು ಕಡೆ ಜೋಲುತ್ತದೆ. ಹತ್ತಿ ದಾರಕ್ಕೆ ಒಂಟಿ ಗಂಟು ಸಾಕಾಗುತ್ತಿತ್ತು, ನೈಲಾನ್ ನುಣುಪಾದದ್ದರಿಂದ ಜಾರುತ್ತದೆ, ಹಾಗಾಗಿ ಜೋಡಿ ಸುತ್ತಿನ ಗಂಟು. ಜಡೆಯಲ್ಲಿ ಗಂಟೂ ಇಲ್ಲ, ಕುಣಿಕೆಯೂ ಇಲ್ಲ, ಮೂರು ಕಾಲುಗಳು ಸರದಿಯಂತೆ ನಡುವಿಗೆ ಬರುತ್ತವೆ. ಅಡ್ಡ ಹಾಯುವುದು, ಗಂಟು, ಕುಣಿಕೆ, ಹೆಣಲು: ನಾಲ್ಕು ಬೇರೆ ಬೇರೆ ರಚನೆಗಳಿಗೂ ಒಂದೇ ಕ್ರಿಯಾಪದ. ರಚನೆಯನ್ನು ನೋಡಿ ಕನ್ನಡ ಹೆಸರಿಟ್ಟಿಲ್ಲ ಎಂಬುದು ಇದರಿಂದ ಖಚಿತ.

ಹಾಗಾದರೆ ಏನನ್ನು ನೋಡಿತು? ಮಗ್ಗವನ್ನು. ನೇಯುವುದಕ್ಕೆ ಮೊದಲು ಹಾಸು, ಅಂದರೆ ಉದ್ದದ ಎಳೆಗಳನ್ನು ಬಿಗಿಯಬೇಕು, ಬಟ್ಟೆ ಹುಟ್ಟುವ ಮೊದಲೇ ಅದರ ಉದ್ದ, ಅಗಲ ತೀರ್ಮಾನವಾಗಿರುತ್ತದೆ, ಅರ್ಧಕ್ಕೆ ಎದ್ದು ಹೋದರೂ ಮಗ್ಗ ಹಿಡಿದುಕೊಂಡಿರುತ್ತದೆ. ಹೆಣೆಯುವುದಕ್ಕೆ ಆ ಹಿಡಿತ ಇಲ್ಲ. ಬುಟ್ಟಿ ತನ್ನ ದಬ್ಬೆಯ ಬಲದಿಂದಲೇ ನಿಲ್ಲಬೇಕು, ಜಡೆಗೆ ಕೂದಲೇ ಆಧಾರ, ಸ್ವೆಟರನ್ನು ಹಿಡಿದಿರುವುದು ಹಿಂದಿನ ಸಾಲು. ಆಕಾರ ಕೈಯಲ್ಲೇ ಬೆಳೆಯುತ್ತಾ ಹೋಗುತ್ತದೆ, ಒಂದು ಟಾಕಾ ಹೆಚ್ಚಿಸಿದರೆ ಅಗಲ, ಎರಡನ್ನು ಕೂಡಿಸಿ ಒಂದು ಮಾಡಿದರೆ ಕಿರಿದು. ಕುತ್ತಿಗೆ, ಕಂಕುಳಗಳನ್ನು ಕತ್ತರಿ ಮುಟ್ಟಿಸದೆ ತಿರುಗಿಸಬಹುದು. ಪತ್ರಿಕೆಯವರು ‘ತಂತ್ರ ಹೆಣೆದರು’, ‘ಸಂಚು ಹೆಣೆದರು’ ಎಂದು ಬರೆಯುವಾಗ ನೇಯ್ದರು ಎನ್ನದಿರುವುದೂ ಇದಕ್ಕೇ ಎಂದು ನನ್ನ ಅನಿಸಿಕೆ: ಸಂಚಿಗೆ ಮೊದಲೇ ಬಿಗಿದ ಹಾಸು ಇರುವುದಿಲ್ಲ.

ಈ ನೆಲದ ಶರಣರನ್ನು ನೆನೆದರೆ ವಿಷಯ ಇನ್ನೂ ಚೊಕ್ಕಟವಾಗುತ್ತದೆ. ಜೇಡರ ದಾಸಿಮಯ್ಯನವರು ಯಾದಗಿರಿ ಜಿಲ್ಲೆಯ ಮುದನೂರಿನವರು, ಬಸವಣ್ಣನವರಿಗಿಂತ ಹಿಂದಿನವರು, ಕಾಯಕ ನೇಯ್ಗೆ. ಕಲ್ಯಾಣದ ಮೇದಾರ ಕೇತಯ್ಯನವರದು ಬುಟ್ಟಿ ಹೆಣೆಯುವ ಕಾಯಕ. ನುಲಿಯ ಚಂದಯ್ಯನವರದು ಹುಲ್ಲು ಕೊಯ್ದು ಹಗ್ಗ ಹೊಸೆಯುವ ಕಾಯಕ, ನುಲಿ ಎಂದರೇ ತಿರುಚು. ನೇಯ್, ಹೆಣೆ, ನುಲಿ: ಎಳೆಯಿಂದ ಮನುಷ್ಯ ಮಾಡಬಹುದಾದ ಮೂರು ಮುಖ್ಯ ಕೆಲಸಗಳಿಗೆ ಮೂವರು ಶರಣರು, ಮೂರು ಕ್ರಿಯಾಪದಗಳು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಇಷ್ಟು ಸ್ಪಷ್ಟವಾಗಿ ವಿಂಗಡಿಸಿಕೊಂಡ ನುಡಿಯಲ್ಲಿ ‘ನೇಯ್ದ ಸ್ವೆಟರ್’ ಎಂದು ಬರೆದರೆ ಮನಸ್ಸಿಗೆ ನೋವಾಗುತ್ತದೆ.

ಗಡಿಯ ಮಾತುಗಳು

ತಪ್ಪು ಎಲ್ಲಿಂದ ಬಂದಿರಬಹುದು ಎಂಬುದಕ್ಕೆ ನಮ್ಮ ಭಾಗದ ಬಹುಭಾಷೆಯೇ ಒಂದು ಉತ್ತರ ಕೊಡುತ್ತದೆ. ಉರ್ದುವಿನ ‘ಬುನ್ನಾ’ ಬಟ್ಟೆಗೂ ಆಗುತ್ತದೆ, ಸ್ವೆಟರಿಗೂ ಆಗುತ್ತದೆ. ಮರಾಠಿಯಲ್ಲಿ ‘ವಿಣಕರ’ ಎಂದರೆ ನೇಕಾರ, ‘ವಿಣಕಾಮ’ ಎಂದರೆ ಸ್ವೆಟರ್ ಕೆಲಸ, ಧಾತು ಒಂದೇ. ಆ ಭಾಷೆಗಳಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸಿದವರಿಗೆ ಎರಡೂ ‘ನೇಯು’ವುದಾಗಿ ಕಾಣುವುದು ಸಹಜ. ಗುರುಮಠಕಲ್ ಕಡೆಯ ತೆಲುಗಿನವರು ಹಾಗೆ ಎಡವುವುದಿಲ್ಲ, ಮಗ್ಗಕ್ಕೆ ‘ನೇಯು’, ಸ್ವೆಟರಿಗೂ ಬುಟ್ಟಿಗೂ ‘ಅಲ್ಲು’ ಎಂದು ಅವರಲ್ಲೂ ಎರಡು ಮಾತಿವೆ.

ಆದರೆ ಗಡಿಭಾಷೆಗಳಿಂದ ನಮಗೆ ಬಂದ ಕಸುಬಿನ ಮಾತುಗಳು ಒಂದೊಂದೂ ಚಿನ್ನ. ‘ಸಲಾಯಿ’ ಸಂಸ್ಕೃತದ ಶಲಾಕೆಯಿಂದ ಇಳಿದು ಬಂದದ್ದು, ನಾವು ಗುಂಡಿ ತೋಡುವ ‘ಸಲಾಕಿ’ಯೂ ಅದೇ ಶಲಾಕೆ. ‘ಫಂದಾ’ ಎಂದರೆ ಉರುಳು, ಕುಣಿಕೆ, ಅಂದರೆ ಟಾಕಾದ ನಿಜರೂಪವನ್ನೇ ಹೇಳುವ ಮಾತು. ‘ಉಣ್ಣೆ’ ಸಂಸ್ಕೃತದ ಊರ್ಣಾ ಪ್ರಾಕೃತದಲ್ಲಿ ಉಣ್ಣಾ ಆಗಿ ಬಂದದ್ದು. ಉಣ್ಣೆ ಎಂದ ಮೇಲೆ ಕಂಬಳಿಯ ಮಾತೂ ಬರಬೇಕು. ಡೆಕ್ಕನಿ ಕುರಿಯ ಕರಿ ಉಣ್ಣೆ ಒರಟು, ಅದರಿಂದ ಮೈಗೆ ಹತ್ತುವ ಸ್ವೆಟರ್ ಆಗುವುದಿಲ್ಲ. ಹುಣಸೆ ಬೀಜದ ಅಂಬಲಿ ಕುಡಿಸಿ ಗಟ್ಟಿ ಮಾಡಿದ ಹಾಸನ್ನು ಮಗ್ಗಕ್ಕೆ ಬಿಗಿದು ಅದನ್ನು ನೇಯುತ್ತಾರೆ. ಕಂಬಳಿ ನೇಯ್ದದ್ದು, ಸ್ವೆಟರ್ ಹೆಣೆದದ್ದು.

ಅಂಗಡಿಯಲ್ಲಿ ಸಲಾಯಿ ಕೊಳ್ಳುವವರಿಗೆ ಒಂದು ಮಾತು. ನಮ್ಮಲ್ಲಿ ಸಿಗುವುದು ಹಳೆಯ ಬ್ರಿಟಿಷ್ ನಂಬರ್ ಪದ್ಧತಿ, ನಂಬರ್ ಏರಿದಷ್ಟೂ ಕಡ್ಡಿ ತೆಳು: 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25, 12 ಎಂದರೆ 2.75. ಡಬಲ್ ನಿಟ್ ಎಂಬ ನಡು ದಪ್ಪದ ಉಲನ್ನಿಗೆ 8ನೇ ನಂಬರ್ ಹಿಡಿದರೆ 10 ಸೆಂಟಿಮೀಟರಿನಲ್ಲಿ ಸುಮಾರು 22 ಟಾಕಾ ಕೂರಬೇಕು. ಎದೆ ಸುತ್ತಳತೆ 60 ಸೆಂಟಿಮೀಟರ್ ಇರುವ ಮಗುವಿಗೆ 5 ಸೆಂಟಿಮೀಟರ್ ಸಡಿಲ ಸೇರಿಸಿ 65, ಬೆನ್ನಿಗೆ ಅದರ ಅರ್ಧ, ಅಂದರೆ ಸುಮಾರು 72 ಟಾಕಾ. ಕೈ ಸಡಿಲವಿದ್ದು 22ರ ಬದಲು 20 ಕೂತರೆ ಅದೇ 72 ಟಾಕಾ 36 ಸೆಂಟಿಮೀಟರ್ ಆಗುತ್ತದೆ, ಮುಂದೆ ಹಿಂದೆ ಸೇರಿ ಸ್ವೆಟರ್ ಆರೂವರೆ ಸೆಂಟಿಮೀಟರ್ ದೊಡ್ಡದು. ಅದಕ್ಕೇ ಮೊದಲು ಅಂಗೈ ಅಗಲದ ಒಂದು ತುಂಡು ಹೆಣೆದು, ಒಗೆದು, ಒಣಗಿಸಿ, ಸ್ಕೇಲ್ ಇಟ್ಟು ಎಣಿಸಬೇಕು. ಸೊಂಟ, ಮಣಿಕಟ್ಟುಗಳ ಪಟ್ಟಿಗೆ ಎರಡು ನಂಬರ್ ತೆಳು ಕಡ್ಡಿ, ಎರಡು ಸೀದಾ ಎರಡು ಉಲ್ಟಾ. ಅಲ್ಲಿ ಸೀದಾ ಟಾಕಾಗಳ ಕಂಬ ಉಬ್ಬಿ ಉಲ್ಟಾ ಟಾಕಾಗಳ ಕಂಬ ಒಳಗೆ ಸರಿಯುವುದರಿಂದ ಬಟ್ಟೆ ಮಡಿಕೆಯಾಗಿ ಮೈ ಹಿಡಿಯುತ್ತದೆ. ಹತ್ತಿ ನೂಲಿನಲ್ಲಿ ಈ ಪಟ್ಟಿ ಬೇಗ ಜೋಲುತ್ತದೆ, ಹತ್ತಿಗೆ ಉಣ್ಣೆಯ ಪುಟಿತ ಇಲ್ಲ. ಅಕ್ರಿಲಿಕ್ ಉಲನ್ನಿಗೆ ಬಿಸಿ ಇಸ್ತ್ರಿ ತಾಗಿದರೆ ಪಟ್ಟಿ ಸತ್ತಂತೆ ಚಪ್ಪಟೆಯಾಗುತ್ತದೆ, ಮತ್ತೆ ಏಳುವುದಿಲ್ಲ.

ನಲವತ್ತರ ಬಿಸಿಲಿನಲ್ಲೂ ಹೆಣಿಗೆ

ಕಲಬುರಗಿಯ ಬಿಸಿಲಿಗೂ ಹೆಣಿಗೆಗೂ ಏನು ಸಂಬಂಧ ಎನ್ನುವವರು ತಮ್ಮ ಬನಿಯನ್ ನೋಡಿಕೊಳ್ಳಲಿ. ಅದು ನೇಯ್ದ ಬಟ್ಟೆಯಲ್ಲ, ಯಂತ್ರ ಹೆಣೆದದ್ದು. ಕಣ್ಣಿಗೆ ಹತ್ತಿರ ಹಿಡಿದರೆ ಹೊರಮೈಯಲ್ಲಿ ಜೋಳದ ತೆನೆಯ ಹಾಗೆ ಓರೆ ಗೆರೆಗಳ ಜೋಡಿ ಸಾಲು, ಒಳಮೈಯಲ್ಲಿ ಕಮಾನುಗಳು. ಅಂದರೆ ಸೀದಾ ಮತ್ತು ಉಲ್ಟಾ. ಹಳೆ ಬನಿಯನ್ ಕತ್ತರಿಸಿ ಒರೆಸುವ ಅರಿವೆ ಮಾಡಿದವರಿಗೆ ಗೊತ್ತು, ಮೇಲೆ ಕೆಳಗಿನ ಅಂಚು ಮುಂದಕ್ಕೆ ಸುರುಳಿಯಾಗುತ್ತದೆ, ಅಕ್ಕಪಕ್ಕದ ಅಂಚು ಹಿಂದಕ್ಕೆ. ಕೈಯಲ್ಲಿ ಹೆಣೆದ ಸೀದಾ ಬಟ್ಟೆಯೂ ಹಾಗೇ ಮಾಡುತ್ತದೆ, ಎರಡರ ಒಳಗುಟ್ಟು ಒಂದೇ. ವಿಲಿಯಂ ಲೀ ಎಂಬ ಇಂಗ್ಲಿಷ್ ಪಾದ್ರಿ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ ಮೇಲೆ ಆ ದಾರಿ ಹಬ್ಬುತ್ತಾ ಬಂದು ಇಂದು ತಿರುಪ್ಪೂರಿನ ತನಕ ಮುಟ್ಟಿದೆ. ತಮಿಳರು ಆ ಬಟ್ಟೆಗೆ ‘ಪಿನ್ನಲಾಡೈ’ ಎನ್ನುತ್ತಾರೆ, ಹೆಣೆದ ಉಡುಪು. ಎಷ್ಟು ಸರಿಯಾದ ಮಾತು! ನಾವೋ ‘ಹೊಸೈರಿ’ ಎಂದು ಬಿಟ್ಟಿದ್ದೇವೆ. ಬನಿಯನ್ ಎಂಬ ಮಾತಿಗಾದರೋ ಬಟ್ಟೆಯ ನಂಟೇ ಇಲ್ಲ, ಅದು ಬನಿಯಾ, ಅಂದರೆ ವ್ಯಾಪಾರಿ, ಪೋರ್ಚುಗೀಸರ ಬಾಯಿ ಸುತ್ತಿ ಬಂದದ್ದು.

ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಬಹಳ ಹಳೆಯ ಕಾಲುಚೀಲಗಳು ಕ್ರಿಸ್ತಶಕ 3ರಿಂದ 5ನೇ ಶತಮಾನದವು. ನೋಡಲು ಹೆಣಿಗೆಯೇ, ಆದರೆ ಒಂದೇ ಸೂಜಿಯಿಂದ, ದಾರದ ತುದಿಯನ್ನು ಪೂರ್ತಿ ಪ್ರತಿ ಕುಣಿಕೆಯಲ್ಲೂ ತೂರಿಸಿ ಮಾಡಿದವು, ಹಾಗಾಗಿ ಸುಲಭಕ್ಕೆ ಬಿಚ್ಚುವುದಿಲ್ಲ. ಎರಡು ಕಡ್ಡಿಯ ನಿಜವಾದ ಹೆಣಿಗೆ ಅದಕ್ಕಿಂತ ಎಷ್ಟೋ ಶತಮಾನ ಈಚಿನದು. ಕ್ರೋಶಾ ಮತ್ತೂ ಬೇರೆ: ಅಲ್ಲಿ ಯಾವ ಹೊತ್ತಿಗೂ ಒಂದೇ ಕುಣಿಕೆ ಕೊಕ್ಕೆಯ ಮೇಲೆ ಜೀವಂತ, ಸಲಾಯಿಯ ಮೇಲೆ ಇಡೀ ಸಾಲೇ ಜೀವಂತ. ಬಾಗಿಲ ತೋರಣ ಕ್ರೋಶಾದಲ್ಲಿ ಕಲಿತವರು ಸ್ವೆಟರಿಗೆ ಬಂದಾಗ ಮೊದಲು ಹೆದರುವುದು ಇದಕ್ಕೇ, 72 ಕುಣಿಕೆಗಳನ್ನೂ ಏಕಕಾಲಕ್ಕೆ ಕಾಯಬೇಕು.

ಹೆಣಗಾಟ ಬಿಡಿಸುವುದು

ಈಗ ಬೀದರಿನ ಕಟ್ಟೆಗೆ. ಸೊಸೆ ಎಣಿಸಿದರೆ 71. ಜಾರಿದ ಕುಣಿಕೆ ಆರು ಸಾಲು ಕೆಳಗೆ ಹೋಗಿ ನಿಂತಿತ್ತು, ಅದರ ಮೇಲೆ ಏಣಿಯ ಮೆಟ್ಟಿಲಿನಂತೆ ಆರು ಅಡ್ಡ ದಾರ. ಗಾಬರಿಯಲ್ಲಿ ಅವಳು ಸಲಾಯಿ ಮೊನೆಯಿಂದ ಕುಣಿಕೆಯನ್ನು ಚುಚ್ಚತೊಡಗಿದಳು, ದಾರದ ಎಳೆ ಸೀಳಿತು.

“ಹೆಣಗಬ್ಯಾಡವ್ವ. ಕ್ರೋಶಾ ಸೂಜಿ ತಾ.”

ಅತ್ತೆ ಸೀದಾ ಮುಖ ತನ್ನ ಕಡೆ ತಿರುಗಿಸಿಕೊಂಡಳು, ಉಲ್ಟಾ ಮುಖದಿಂದ ಎತ್ತಿದರೆ ಟಾಕಾ ಒಳಗೆ ಬೀಳುತ್ತದೆ. ಕೊಕ್ಕೆಯನ್ನು ಜಾರಿದ ಕುಣಿಕೆಯೊಳಗೆ ಮುಂದಿನಿಂದ ಹಾಕಿದಳು. ಅದರ ಮೇಲಿನ ತೀರ ಹತ್ತಿರದ ಅಡ್ಡ ದಾರವನ್ನು ಹಿಡಿದು ಕುಣಿಕೆಯ ಒಳಗಿಂದ ಈಚೆ ಎಳೆದಳು, ಒಂದು ಸಾಲು ಏರಿತು. ಮೆಟ್ಟಿಲು ತಪ್ಪಿಸಿ ಮೇಲಿನದನ್ನು ಹಿಡಿದಿದ್ದರೆ ಹಿಂದುಗಡೆ ಒಂದು ದಾರ ಸಡಿಲವಾಗಿ ಜೋತುಬಿಡುತ್ತಿತ್ತು. ಹೀಗೆ ಆರು ಸಲ. ಕೊನೆಯ ಕುಣಿಕೆಯನ್ನು ಬಲಗಾಲು ಮುಂದೆ ಬರುವ ಹಾಗೆ ಎಡ ಸಲಾಯಿಗೆ ಏರಿಸಿದಳು, ಎಡಗಾಲು ಮುಂದಾದರೆ ಟಾಕಾ ತಿರುಚಿಕೊಂಡು ಕೂರುತ್ತದೆ, ಆ ಕಂಬ ಉಳಿದವುಗಳಿಗಿಂತ ಬೇರೆಯಾಗಿ ಕಾಣುತ್ತದೆ. ಎತ್ತಿದ ಕಂಬ ಸ್ವಲ್ಪ ಬಿಗಿಯಾಗಿತ್ತು, ಜಾರಿದಾಗ ಪಕ್ಕದ ಕುಣಿಕೆಗಳು ಅದರ ದಾರ ಕುಡಿದಿದ್ದವು. ಸಲಾಯಿ ಮೊನೆಯಿಂದ ಅಕ್ಕಪಕ್ಕದ ಎರಡೆರಡು ಟಾಕಾಗಳನ್ನು ಮೆಲ್ಲಗೆ ಎಳೆದು ದಾರ ಹಂಚಿದಳು, ಎರಡೂ ಅಂಚು ಹಿಡಿದು ಒಮ್ಮೆ ಅಡ್ಡ, ಒಮ್ಮೆ ಉದ್ದ ಜಗ್ಗಿದಳು. ಎಲ್ಲಿ ಜಾರಿತ್ತು ಎಂದು ಹುಡುಕಿದರೂ ಸಿಗಲಿಲ್ಲ.

ಸೊಸೆ ಬೆರಳಿಟ್ಟು ಮತ್ತೊಮ್ಮೆ ಎಣಿಸಿದಳು.

“ಎಪ್ಪತ್ತೆರಡು ಅವ ನೋಡ್ರಿ ಅತ್ತಿ.”

“ಹಂಗಾದ್ರ ಹೆಣಿ,” ಎಂದು ಅತ್ತೆ ತನ್ನ ಉಂಡಿಯ ದಾರ ಬಿಡಿಸಿಕೊಂಡಳು.